ಉಪಗ್ರಹಕ್ಕೆ ಬಸ್ಸಿನ ಗಾಲಿಯೇ ಸಾಕ್ಷಿ

ಆಕಾಶದಲ್ಲಿ ಸುತ್ತುವ ಉಪಗ್ರಹವನ್ನೇ ತಪಾಸಣೆ ಮಾಡುವ ಮನುಷ್ಯನೊಬ್ಬ ನಮ್ಮ ಬಳಗದಲ್ಲಿದ್ದ ಎಂದರೆ ನಗುತ್ತೀರಿ. ನಗಿರಿ! ನಾವೇನು ಕಡಿಮೆ ನಕ್ಕಿದ್ದೇವೆಯೇ? ಆತ ನನ್ನ ಸೋದರಮಾವ, ರಾಯಚೂರಿನ ದರ್ಜಿ.

ಎಂಬತ್ತರ ದಶಕ. ಎದುರಂಗಡಿಯ ಟೀವಿಯಲ್ಲಿ ಉಪಗ್ರಹ ತೆಗೆದ ಮೋಡದ ಚಿತ್ರ ಬಂದರೆ ಮಾಮ ಗೊಣಗುತ್ತಿದ್ದ: "ಅಷ್ಟು ಮ್ಯಾಲ ಕುಂತದ್ದಕ್ಕ ನಮ್ಮ ಕಡಿ ಮಳಿ ಏನ್ ತಿಳೀತದ?" ಮರುದಿನ ಬೆಳಿಗ್ಗೆ ಕೊರಳಲ್ಲಿ ಟೇಪು ಹಾಕಿಕೊಂಡೇ ಬಸ್ ನಿಲ್ದಾಣಕ್ಕೆ ಓಟ! ನನ್ನ ತವರೂರು ದೇವದುರ್ಗದ ಬಸ್ಸು ಬಂದಕೂಡಲೇ ಕುಕ್ಕರಗಾಲಲ್ಲಿ ಕೂತು, ಗಾಲಿಗೆ ಮೆತ್ತಿದ ಎರೆಮಣ್ಣು ಎಲ್ಲಿವರೆಗೆ ಏರಿದೆ ಎಂದು ಅಳೆಯುತ್ತಿದ್ದ. ಟೀವಿಯ ಮೋಡಕ್ಕೂ ಗಾಲಿಯ ಕೆಸರಿಗೂ ತಾಳೆಯಾದರೆ ಮಾತ್ರ ಉಪಗ್ರಹ ಪಾಸು.

"ಮಾಸ್ತರ್, ಬಸ್ಸಿಗೆ ಪ್ಯಾಂಟ್ ಹೊಲಿಯಾಕತ್ತೀರೇನ್ರೀ?" ಎಂದು ಕಂಡಕ್ಟರ್ ಕೆಣಕುತ್ತಿದ್ದ.

ಒಮ್ಮೆ ಅಂಗಡಿಗೆ ಬಂದ ಗಿರಾಕಿಯೊಬ್ಬರು ಸಮಾಧಾನ ಹೇಳಿದರು: "ಉಪಗ್ರಹ ಹೇಳಿದ್ದು ಖರೇನೋ ಸುಳ್ಳೋ ನೋಡಾಕ ನೆಲದ ಮ್ಯಾಲ ರಾಡಾರ್ ಇರ್ತಾವ್ರೀ. ದೊಡ್ಡ ಛತ್ರಿ ಇದ್ದಂಗ."

"ಛತ್ರಿ ಹಿಡಕೊಂಡು ನಿಂತದ್ದಕ್ಕ ಮಳಿ ಹ್ಯಾಂಗ ಗೊತ್ತಾಗತದ್ರೀ?" ಮಾಮನ ಪ್ರಶ್ನೆಗೆ ಪಾಪ, ಅವರು ಅಂಗಿಯ ಅಳತೆ ಕೊಡುವುದನ್ನೇ ಮರೆತರು.

ಅವ್ವ ತೀರಿಕೊಂಡಳು. ಮದುವೆಯಾಗಿ ಮಾನ್ವಿಗೆ ಹೋಗಿದ್ದ ನನಗೆ ಮಗಳು ಹುಟ್ಟಿದಳು. ನಮ್ಮದು ಮಣ್ಣಿನ ಚಾವಣಿಯ ಮಾಳಿಗೆ ಮನೆ. ಮಳೆ ಬಂದರೆ ಸರಿಯಾಗಿ ತೊಟ್ಟಿಲ ಮೇಲೇ ಸೋರುತ್ತಿತ್ತು. ನಾನು ಯಾರಿಗೂ ಹೇಳಿರಲಿಲ್ಲ. ಆದರೆ ತೊಟ್ಟಿಲಿಗೆ ಹಾಕುವ ದಿನ ಬಂದ ಮಾಮ, ಮೇಲೆ ಸೋರಿದ ಕಲೆಯನ್ನು ಒಮ್ಮೆ ನೋಡಿ ಹೋಗಿದ್ದ. ಅಂದಿನಿಂದ ಅವನ ಟೇಪು ಮಾನ್ವಿಯ ಬಸ್ಸಿಗೆ ಬಿತ್ತು!

ಒಂದು ದಿನ ಟೀವಿಯಲ್ಲಿ ನಮ್ಮ ಕಡೆ ಒಂದು ಚೂರೂ ಮೋಡವಿರಲಿಲ್ಲ. ಮರುದಿನ ಮಾನ್ವಿಯ ಬಸ್ಸಿನ ಗಾಲಿಗೆ ಮಾತ್ರ ಹಸಿ ಕೆಸರು! ಕಾಲುವೆ ಒಡೆದು ರಸ್ತೆಗೆ ನೀರು ನುಗ್ಗಿತ್ತು ಎಂದು ಮಾಮನಿಗೆ ಹೇಳುವವರು ಯಾರು? ಸುಡುಬಿಸಿಲಿನಲ್ಲಿ ಮಾನ್ವಿಗೆ ಬಂದಿಳಿದ: ತಲೆಯ ಮೇಲೆ ಮಾಳಿಗೆ ಸೋರದಂತೆ ಹಾಕುವ ಸವಳು ಮಣ್ಣಿನ ಚೀಲ, ಹೆಗಲ ಮೇಲೆ ಹೊಲಿಯುತ್ತಿದ್ದ ಯಾರದೋ ಅಂಗಿಯ ಒಂದು ತೋಳು. ಓಣಿಯೇ ನಕ್ಕಿತು.

"ಮಳಿ ಎಲ್ಲ್ಯದ ಮಾಮಾ? ಟೀವ್ಯಾಗಿಂದ ಖರೇ ಆತಲ್ಲ!" ನಾನೂ ನಕ್ಕೆ.

"ಇವತ್ತ ಅದು ಗೆದ್ದದ. ಗೆಲ್ಲಲಿ ಬಿಡು," ಎಂದು ತೊಟ್ಟಿಲ ಬಟ್ಟೆ ಮುಟ್ಟಿ ನೋಡಿ ಮಾಳಿಗೆ ಹತ್ತಿದ. ಮಣ್ಣು ಹರವಿ, ನೀರು ಚಿಮುಕಿಸಿ, ತುಳಿದು ತುಳಿದು ಗಟ್ಟಿ ಮಾಡಿದ.

"ಬಿಸಲಾಗ ಇಷ್ಟ್ಯಾಕ ಒದ್ದಾಡ್ತಿ ಮಾಮಾ? ಇಳಿ ಕೆಳಗ."

"ನಿಮ್ಮವ್ವನ ಮಾಳಿಗಿನೂ ಸೋರ್ತಿತ್ತು ಯವ್ವಾ. ಆಕಿ ಬಾಯಿ ಬಿಟ್ಟು ಒಂದಿನಾನೂ ಹೇಳಲಿಲ್ಲ. ನಾ ಗಾಲಿ ನೋಡಿನ ಹೋಗ್ತಿದ್ದೆ. ನೀನೂ ಆಕಿ ಮಗಳ ಅಲ್ಲೇನು?"

ಉಪಗ್ರಹ ಹೇಳಿದ್ದು ನಿಜ, ಆ ದಿನ ಮಾನ್ವಿಯಲ್ಲಿ ಒಂದು ಹನಿಯೂ ಬೀಳಲಿಲ್ಲ. ನನ್ನ ಸೆರಗು ಮಾತ್ರ ತೋಯ್ದಿತ್ತು.