ಸಾಹೇಬರ ಐದನೇ ಫೌಲು

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಾನು ಒಂದೇ ಒಂದು ತೀರ್ಮಾನವನ್ನೂ ತೆಗೆದುಕೊಂಡವನಲ್ಲ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ಗುಮಾಸ್ತನಾದವನಿಗೆ ಇದಕ್ಕಿಂತ ದೊಡ್ಡ ಅರ್ಹತೆ ಬೇರೆ ಇಲ್ಲ. ಮಧುಗಿರಿಯ ನಮ್ಮ ಕಚೇರಿಯಲ್ಲಿ ಕಡತ ನನ್ನ ಮೇಜಿಗೆ ಬರುತ್ತದೆ. ಅದರ ಹಿಂದುಮುಂದನ್ನೆಲ್ಲ ಒಪ್ಪವಾಗಿ ಬರೆದು, ಕೊನೆಯಲ್ಲಿ 'ಸೂಕ್ತ ಆದೇಶಕ್ಕಾಗಿ ಮಂಡಿಸಿದೆ' ಎಂದು ಸೇರಿಸಿ, ಮೂಲೆಯಲ್ಲೊಂದು ಪುಟ್ಟ ಸಹಿ ಹಾಕಿ ಸಾಹೇಬರ ಕೊಠಡಿಗೆ ಕಳಿಸುತ್ತೇನೆ. ಆಮೇಲೆ ಆಕಾಶ ಕಳಚಿ ಬಿದ್ದರೂ ಅದು ಬೀಳುವುದು ಸಾಹೇಬರ ತಲೆಯ ಮೇಲೆ. ಈ ಅಭ್ಯಾಸ ಎಷ್ಟು ಮೈಗೆ ಹತ್ತಿದೆಯೆಂದರೆ, ಮನೆಯಲ್ಲಿ ಹೆಂಡತಿ ಶಾರದ "ಸಾರಿಗೆ ಬದನೆಕಾಯಿ ಹಾಕ್ಲಾ, ನುಗ್ಗೆಕಾಯಿ ಹಾಕ್ಲಾ?" ಎಂದು ಕೇಳಿದರೆ ಎರಡರ ಗುಣದೋಷಗಳನ್ನೂ ವಿವರಿಸಿ "ನೀನೇ ನೋಡು" ಎನ್ನುತ್ತೇನೆ. ಅವಳು ಗೌಡಗೆರೆಯ ಹೆಣ್ಣುಮಗಳು, ಮಾತಿಗೆ ಬಡತನವಿಲ್ಲ. "ನಿಮ್ಮನ್ ಕೇಳೋದೂ ಒಂದೇ, ಒಳಕಲ್ಲನ್ ಕೇಳೋದೂ ಒಂದೇ ಬುಡಿ" ಎಂದು ತನಗೆ ತೋಚಿದ್ದನ್ನು ಹೆಚ್ಚತೊಡಗುತ್ತಾಳೆ.

ಇಂಥ ನಾನು ನಲವತ್ತೈದನೇ ವಯಸ್ಸಿನಲ್ಲಿ ಬ್ಯಾಸ್ಕೆಟ್‌ಬಾಲ್ ರೆಫರಿಯಾಗಲು ಹೊರಟೆನೆಂದರೆ ಅದಕ್ಕೊಂದು ಹಳೆಯ ಕಾರಣವಿದೆ. ಕಾಲೇಜು ತಂಡದಲ್ಲಿ ಹನ್ನೆರಡು ಜನರಿದ್ದೆವು, ನಾನು ಹನ್ನೆರಡನೆಯವನು. ಎರಡು ವರ್ಷ ಬೆಂಚಿನ ತುದಿಯಲ್ಲಿ ಎಲ್ಲರ ಟವೆಲ್ಲುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಒಮ್ಮೆ ಕೊರಟಗೆರೆಯಲ್ಲಿ ನಮ್ಮವನೊಬ್ಬ ಐದು ಫೌಲಾಗಿ ಹೊರಬಂದಾಗ ಕೋಚು ನನ್ನತ್ತ ತಿರುಗಿ ನೋಡಿದರು. ನಾನು ಟವೆಲ್ಲುಗಳನ್ನೆಲ್ಲ ಕೆಳಗಿಟ್ಟು, ಲೇಸು ಬಿಗಿದು ಎದ್ದು ನಿಂತೆ. "ಕೂತ್ಕಳಪ್ಪ, ನೀರಿನ ಬಾಟ್ಲಿ ಎಲ್ಲೈತೆ ಅಂತ ನೋಡ್ದೆ" ಎಂದರು. ಕೂತುಕೊಂಡೆ. ಆವತ್ತು ಕಣ್ಣಲ್ಲಿ ನೀರು ಬಂದದ್ದು ನಿಜ. ಅದೇ ನೀರುಗಣ್ಣಲ್ಲಿ ಒಂದು ಸಂಗತಿ ಕಂಡಿತು: ಅಂಗಳದಲ್ಲಿ ಆಟಗಾರರು ಬದಲಾಗುತ್ತಾರೆ, ತರಲೆ ಮಾಡಿದರೆ ಕೋಚನ್ನೂ ಆಚೆ ಕಳಿಸುತ್ತಾರೆ, ಆದರೆ ಬಾಯಲ್ಲಿ ಸೀಟಿ ಇಟ್ಟುಕೊಂಡ ಇಬ್ಬರನ್ನು ಮಾತ್ರ ಯಾರೂ ಬೆಂಚಿಗೆ ಕರೆಯುವುದಿಲ್ಲ. ಒಂದು ಸಲವಾದರೂ ಹಾಗೆ ಆಟ ಮುಗಿಯುವವರೆಗೂ ಅಂಗಳದಲ್ಲಿ ನಿಲ್ಲಬೇಕೆಂಬ ಆಸೆ ಎದೆಯೊಳಗೆ ಉಳಿದುಬಿಟ್ಟಿತು.

ಶಿರಾದಲ್ಲಿ ಹೊಸ ರೆಫರಿಗಳಿಗೆ ಭಾನುವಾರದ ಶಿಬಿರವೆಂದು ವಾಟ್ಸಾಪಿನಲ್ಲಿ ಬಂದಾಗ ಆ ಆಸೆ ಎದ್ದು ಕೂತಿತು. ಸೇರುವುದಕ್ಕೆ ಹದಿನೆಂಟು ವರ್ಷ ತುಂಬಿರಬೇಕು ಎಂದಿತ್ತು. ನನಗೆ ಎರಡೂವರೆ ಸಲ ತುಂಬಿತ್ತು. ಅರ್ಜಿ, ಎರಡು ಫೋಟೋ, ವೈದ್ಯರ ಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ನಕಲು ಕೇಳಿದ್ದರು. ನಾನು ಯಾರೂ ಕೇಳದಿದ್ದರೂ ಎಲ್ಲವನ್ನೂ ಮೂರು ಮೂರು ಪ್ರತಿ ಮಾಡಿ, ಪುಟಸಂಖ್ಯೆ ಹಾಕಿ, ಟ್ಯಾಗು ಕಟ್ಟಿ ಕೊಟ್ಟೆ. ಬೂದು ಅಂಗಿ, ಕಪ್ಪು ಪ್ಯಾಂಟು, ಕಪ್ಪು ಬೂಟು ಆಗಬೇಕು. ಹೊಲಿಸಿ ಹಾಕಿಕೊಂಡು ನಿಂತರೆ ಶಾರದ ಸುತ್ತ ಬಂದು ನೋಡಿ, "ಎಟಿಎಮ್ ಕಾಯೋರ್ ಇದ್ದಂಗಿದೀರ" ಎಂದಳು.

ಆಮೇಲೆ ಓಟದ ಪರೀಕ್ಷೆ. ಇಪ್ಪತ್ತು ಮೀಟರ್ ಅಂತರದ ಎರಡು ಗೆರೆಗಳ ನಡುವೆ, ಮೊಬೈಲು ಪೀಂ ಎನ್ನುವಷ್ಟರಲ್ಲಿ ಆಚೆ ಗೆರೆ ಮುಟ್ಟಬೇಕು. ಪೀಂ ಪೀಂ ಬರಬರುತ್ತ ಬೇಗಬೇಗ ಆಗುತ್ತದೆ. ಬೆಟ್ಟದ ಕೆಳಗಿನ ಮೈದಾನದಲ್ಲಿ ಬೆಳಗ್ಗೆ ಓಡುವುದಕ್ಕೆ ಹೋದೆ. ನಮ್ಮೂರಿನಲ್ಲಿ ಹೊಟ್ಟೆ ಬಂದ ಗಂಡಸು ಓಡಿದರೆ ಅದಕ್ಕೆ ಒಂದೇ ಅರ್ಥ. "ಏನ್ ಸಾ, ಶುಗರಾ? ಎಷ್ಟೈತೆ?" ಎಂದು ಎದುರಿಗೆ ಬಂದವರೆಲ್ಲ ಕೇಳಿದರು. ಹಾಲಿನವನು ಮೆಂತ್ಯ ನೆನೆಸಿ ತಿನ್ನಲು ಹೇಳಿದ. ಮೂರನೇ ದಿನಕ್ಕೆ ನಾನೇ ಸೋತು "ಹೂಂ, ಸ್ವಲ್ಪ ಐತೆ" ಎನ್ನತೊಡಗಿದೆ. ಇಲ್ಲ ಎಂದು ನಿಂತು ವಾದಿಸಿದರೆ ಪೀಂ ತಪ್ಪಿಹೋಗುತ್ತಿತ್ತು.

ಸೀಟಿಯ ಕತೆ ಇನ್ನೊಂದು. ಮಧುಗಿರಿಯ ಮನೆಯಲ್ಲಿ ಊದಿದರೆ ಅಕ್ಕಪಕ್ಕದವರು ಬೈಯುತ್ತಾರೆಂದು ನಮ್ಮೂರು ಮಿಡಿಗೇಶಿಗೆ ಹೋದಾಗ ರಸ್ತೆಯಂಚಿನ ಹುಣಸೆಮರದ ಕೆಳಗೆ ನಿಂತು, ಹೊಟ್ಟೆಯಿಂದ ಉಸಿರೆಳೆದು, ಒಂದು ಸಲ ಗಟ್ಟಿಯಾಗಿ ಊದಿದೆ. ಅದೇ ಹೊತ್ತಿಗೆ ಬರುತ್ತಿದ್ದ ಮಧುಗಿರಿ ಬಸ್ಸು ಗಕ್ಕನೆ ನಿಂತಿತು. ಒಂದು ಸೀಟಿಗೆ ನಿಲ್ಲುವುದು, ಎರಡಕ್ಕೆ ಹೊರಡುವುದು ಬಸ್ಸಿನ ಧರ್ಮ. ಕಂಡಕ್ಟರು ಇಳಿದು ಬಂದು "ಯಾವನ್ಲಾ ಅವ್ನು ವಿಷಲ್ ಹೊಡ್ದೋನು?" ಎಂದು ಹುಡುಕತೊಡಗಿದ. ನನಗೆ ಗಾಬರಿಯಾಯಿತು. ಗಾಬರಿಗೆ ಬಾಯಲ್ಲಿದ್ದ ಸೀಟಿ ಇನ್ನೆರಡು ಸಲ ತಾನಾಗಿಯೇ ಕೂಗಿಬಿಟ್ಟಿತು. ಬಸ್ಸು ಕಂಡಕ್ಟರನ್ನು ಅಲ್ಲೇ ಬಿಟ್ಟು ಹೊರಟುಹೋಯಿತು. ಅವನನ್ನು ಚಿಕ್ಕಪ್ಪನ ಮಗನ ಬೈಕಿನ ಹಿಂದೆ ಕೂರಿಸಿ ಬಸ್ಸಿನ ಹಿಂದೆ ಓಡಿಸಬೇಕಾಯಿತು. ನಾನು ಇವತ್ತಿಗೂ ಆ ಬಸ್ಸು ಹತ್ತುವುದಿಲ್ಲ.

ಶಿಬಿರದ ಗುರುಗಳು ಶಿರಾದ ಬಾಷಾ ಸಾರು. ನಿವೃತ್ತ ದೈಹಿಕ ಶಿಕ್ಷಕರು, ಗಡ್ಡ ಬೆಳ್ಳಗಾಗಿದ್ದರೂ ನನಗಿಂತ ಮುಂದೆ ಓಡುವವರು. ಲಿಖಿತ ಪರೀಕ್ಷೆಯಲ್ಲಿ ನನ್ನನ್ನು ಹಿಡಿಯುವವರೇ ಇರಲಿಲ್ಲ. ನಿಯಮಾವಳಿ ಬಾಯಿಪಾಠ ಮಾಡುವುದು ನಮ್ಮ ಕಸುಬು. "ಶಹಬ್ಬಾಸ್ ರಂಗಣ್ಣ, ನೀವೇ ಫಸ್ಟು" ಎಂದು ಬೆನ್ನು ತಟ್ಟಿದರು. ಆದರೆ ಕೊರಟಗೆರೆಯಲ್ಲಿ ಮೊದಲ ಪ್ರಾಯೋಗಿಕ ಪಂದ್ಯಕ್ಕೆ ಇಳಿಸಿದಾಗ ನನ್ನ ಬಂಡವಾಳ ಬಯಲಾಯಿತು. ಕೆಂಪು ಅಂಗಿಯವನು ನೀಲಿ ಅಂಗಿಯವನ ಕೈಗೆ ಹೊಡೆದ. ಸ್ಪಷ್ಟವಾಗಿ ನೋಡಿದೆ. ನೋಡಿದ ಕೂಡಲೇ ತಲೆಯೊಳಗೆ ಟಿಪ್ಪಣಿ ಶುರುವಾಯಿತು: 'ಕೆಂಪು ತಂಡದ ಏಳನೇ ಸಂಖ್ಯೆಯವರು ನೀಲಿ ತಂಡದ ಹತ್ತನೇ ಸಂಖ್ಯೆಯವರ ಬಲಗೈಗೆ...' ನಾನು 'ಮಂಡಿಸಿದೆ' ತಲುಪುವ ಹೊತ್ತಿಗೆ ಚೆಂಡು ಆಚೆ ತುದಿಗೆ ಹೋಗಿ ಬುಟ್ಟಿಗೂ ಬಿದ್ದಿತ್ತು.

ಆಗ ನನ್ನ ಕೈ ಹಿಡಿದದ್ದು ಹೆಲ್ಡ್ ಬಾಲ್. ಇಬ್ಬರು ಒಂದೇ ಚೆಂಡನ್ನು ಬಿಗಿಯಾಗಿ ಹಿಡಿದು ಎಳೆದಾಡಿದರೆ ರೆಫರಿ ಎರಡೂ ಹೆಬ್ಬೆರಳೆತ್ತಿ ತೋರಿಸಬೇಕು. ಯಾರದೂ ತಪ್ಪಿಲ್ಲ. ಲೆಕ್ಕ ಬರೆಯುವವರ ಮೇಜಿನ ಮೇಲೊಂದು ಬಾಣವಿರುತ್ತದೆ. ಅದು ಯಾರ ಕಡೆಗಿದೆಯೋ ಈ ಸಲ ಚೆಂಡು ಅವರಿಗೆ, ಮುಂದಿನ ಸಲ ಇವರಿಗೆ. ನಮ್ಮೂರಿನ ಕೂಡುಬಾವಿಯ ನೀರಿನ ಸರದಿ ಹೀಗೆಯೇ: ಇವತ್ತು ಅಣ್ಣನಿಗೆ, ನಾಳೆ ತಮ್ಮನಿಗೆ, ಜಗಳ ಯಾಕೆ? ಇಷ್ಟು ಚೆಂದದ ನಿಯಮವಿರುವಾಗ ಬೇರೆ ನಿಯಮಗಳೇಕೆ ಎನ್ನಿಸಿತು. ತಳ್ಳಿದರೂ ಹೆಬ್ಬೆರಳು, ಹೊಡೆದರೂ ಹೆಬ್ಬೆರಳು. ಪಂದ್ಯ ಮುಗಿದ ಮೇಲೆ ಬಾಷಾ ಸಾರು ನನ್ನನ್ನು ಪಕ್ಕಕ್ಕೆ ಕರೆದರು. "ಅರೆ ರಂಗಣ್ಣ, ಒಬ್ಬ ಕೆಳಗ್ ಬಿದ್ದವ್ನೆ, ಮೂಗಲ್ಲಿ ರಕ್ತ, ಚೆಂಡು ಇನ್ನೆಲ್ಲೋ ಐತೆ. ಅದಕ್ಕೂ ಹೆಲ್ಡ್ ಬಾಲಾ? ರಾಜಿ ಪಂಚಾಯ್ತಿ ಮಾಡಾಕ್ ಬಂದಿದೀರಾ? ಫೈಸಲಾ ಮಾಡ್ಬೇಕು ಸ್ವಾಮಿ. ಮುಂದಿನ್ ಭಾನುವಾರ ಮಧುಗಿರೀಲಿ ನೌಕರರ ಮ್ಯಾಚು. ಅಲ್ಲೂ ಇಂಗೇ ಮಾಡಿದ್ರೆ ಬ್ಯಾಡ್ಜ್ ಕೊಡಾಕಾಗಲ್ಲ. ಬೇಜಾರ್ ಮಾಡ್ಕಬ್ಯಾಡಿ."

ಆ ರಾತ್ರಿ ಊಟ ಸೇರಲಿಲ್ಲ. ಮತ್ತೆ ಬೆಂಚಿಗೇ ಹೋಗಬೇಕಲ್ಲ ಎಂಬುದೊಂದೇ ಯೋಚನೆ. ಶಾರದ ಮಾತ್ರ ವಾರವಿಡೀ ದಿನಕ್ಕೆ ಹತ್ತು ಸಲ, ಉಪ್ಪು ಜಾಸ್ತಿಯಾದರೂ ಸರಿ, ಹಾಲು ಉಕ್ಕಿದರೂ ಸರಿ, "ಊದ್ರೀ, ಊದ್ರೀ, ನನ್ ಮ್ಯಾಲೇ ಊದ್ರೀ" ಎಂದು ಧೈರ್ಯ ತುಂಬಿದಳು. ಒಂದು ಸಲವೂ ಊದಲಿಲ್ಲ. ಅಷ್ಟು ಬುದ್ಧಿ ನನಗೂ ಇದೆ.

ಭಾನುವಾರ ಮೈದಾನಕ್ಕೆ ಹೋಗಿ ನೋಡಿದರೆ ಮಧುಗಿರಿ ತಂಡದ ನಾಯಕರು ನಮ್ಮ ಸಾಹೇಬರು. ನನ್ನ ರಜೆ, ನನ್ನ ವಾರ್ಷಿಕ ವರದಿ ಎಲ್ಲದಕ್ಕೂ ಸಹಿ ಹಾಕುವವರು. ಯಾರನ್ನು ಪಾವಗಡಕ್ಕೆ ವರ್ಗ ಮಾಡಬೇಕೆಂದು ಮೇಲಿನವರು ಕೇಳಿದರೆ ಹೆಸರು ಸೂಚಿಸುವವರೂ ಅವರೇ. ಪಾವಗಡದವರು ಬೇಜಾರು ಮಾಡಿಕೊಳ್ಳಬಾರದು. ಊರು ಒಳ್ಳೆಯದೇ, ನನಗೆ ತೆಲುಗು ಬಾರದು, ಅಷ್ಟೆ. ನನ್ನ ಜತೆ ಸೀಟಿ ಹಿಡಿದವರು ಅದೇ ಪಾವಗಡದ ಲಕ್ಷ್ಮೀದೇವಿ ಮೇಡಂ, ನಮ್ಮ ಕಚೇರಿಯಲ್ಲಿ ಕೆಲಸ ಮಾಡದ ಪುಣ್ಯವಂತೆ. ಸಾಹೇಬರು ಕಚೇರಿಯ ಪಡಸಾಲೆಯಲ್ಲಿ ಓಡಾಡುವ ಹಾಗೆಯೇ ಅಂಗಳದಲ್ಲೂ ಓಡಾಡಿದರು. ಎದುರಿಗೆ ಬಂದವರೇ ಪಕ್ಕಕ್ಕೆ ಸರಿಯಬೇಕು. ಮೇಡಂ ಅವರ ಮೇಲೆ ನಾಲ್ಕು ಫೌಲು ಊದಿದರು. ನಾನು ಆ ನಾಲ್ಕು ಸಲವೂ ಬೂಟಿನ ಲೇಸು ನೋಡುತ್ತಿದ್ದೆ. ವಿರಾಮದಲ್ಲಿ ಮೇಡಂ ಬಂದು, "ಚೂಡಂಡಿ ಸಾರ್, ನಾಲ್ಕೂ ನಾನೇ ಊದಿದೀನಿ. ಐದನೇದು ಮೀದೇ, ನಿಮ್ದೇ" ಎಂದು ನೀರು ಕುಡಿದು ಹೋದರು.

ಕೊನೆಯ ನಿಮಿಷ. ಎರಡೂ ತಂಡ ಸಮಸಮ. ಎದುರಾಳಿ ಶಿರಾ ತಂಡದ ಒಬ್ಬ ಸಣಕಲು ಮೇಷ್ಟ್ರು ಚೆಂಡು ಹಿಡಿದು ಬುಟ್ಟಿಗೆ ಜಿಗಿಯುವಷ್ಟರಲ್ಲಿ ಸಾಹೇಬರು, ನನ್ನ ಮೂಗಿನ ಮುಂದೆಯೇ, ಅವರ ಅಂಗಿಯ ಬೆನ್ನು ಹಿಡಿದು ಎಳೆದರು. ಅಂಗಿ ಹರಿದ ಸದ್ದು ಆಚೆ ಗೇಟಿಗೂ ಕೇಳಿಸಿತು. ಮೇಡಂ ದೂರದಲ್ಲಿದ್ದರು. ನನ್ನ ಎರಡೂ ಹೆಬ್ಬೆರಳುಗಳು ತಮ್ಮಷ್ಟಕ್ಕೆ ನೆಟ್ಟಗಾಗುತ್ತಿದ್ದವು. ಆಗ ಗೆರೆಯಾಚೆ ಬೆಂಚಿನ ತುದಿಯಲ್ಲಿ, ಎಲ್ಲರ ಟವೆಲ್ಲು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಒಬ್ಬರು ಕಂಡರು. ಅವರು ಯಾರೋ ಏನೋ. ನಾನು ಊದಿದೆ. ಫೌಲೆಂದು ಮುಷ್ಟಿ ಮೇಲೆತ್ತಿದೆ.

ಸಾಹೇಬರು ಕಚೇರಿಯ ದನಿಯಲ್ಲೇ, "ಏನ್ರೀ ರಂಗಸ್ವಾಮಿ, ಸರಿಯಾಗಿ ನೋಡಿದ್ರಾ?" ಎಂದರು. 'ಸೂಕ್ತ ಆದೇಶಕ್ಕಾಗಿ' ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿತು. ನುಂಗಿದೆ. "ನೋಡಿದೆ ಸಾರ್. ಐದನೇದು ಸಾರ್. ನೀವು ಆಚೆ ಹೋಗ್ಬೇಕು ಸಾರ್." ಒಂದು ತೀರ್ಪಿನಲ್ಲಿ ಮೂರು 'ಸಾರ್' ಇರಬಾರದೆಂದು ನಿಯಮಾವಳಿಯಲ್ಲಿ ಎಲ್ಲೂ ಇಲ್ಲ. ಸಾಹೇಬರು ಹೋಗಿ ಬೆಂಚಿನ ತುದಿಯಲ್ಲಿ ಕೂತರು. ಯಾರೋ ಅವರ ಮಡಿಲಿಗೆ ಟವೆಲ್ಲು ಹಾಕಿದರು. ನನಗೆ ಅಯ್ಯೋ ಪಾಪ ಅನ್ನಿಸಿತು. ಸಂತೋಷವೂ ಆಯಿತು, ಸುಳ್ಳು ಯಾಕೆ ಹೇಳಲಿ. ಆಟ ಮುಗಿದ ಮೇಲೆ ಬಾಷಾ ಸಾರು ಬ್ಯಾಡ್ಜು ಚುಚ್ಚುತ್ತ, "ಬಂತಪ್ಪಾ ಒಂದ್ ಫೈಸಲಾ ಆಚೆಗೆ" ಎಂದರು.

ಸೋಮವಾರ ಸಾಹೇಬರು ಒಳಗೆ ಕರೆದಾಗ ಪಾವಗಡದ ಬಸ್ಸಿನ ವೇಳೆ ವಿಚಾರಿಸಿಕೊಂಡೇ ಹೋದೆ. ಅವರು ಸಿಟ್ಟಾಗಿರಲಿಲ್ಲ. "ಅಂಗಿ ಹರ್ದಿದ್ದು ನಿಜ ಕಣ್ರೀ" ಎಂದು ನಕ್ಕು, "ನಿಮ್ಗೆ ತೀರ್ಮಾನ ತಗೊಳ್ಳೋಕ್ ಬರುತ್ತೆ ಅಂತ ಇಪ್ಪತ್ತೆರಡು ವರ್ಷ ಯಾಕ್ರೀ ಬಚ್ಚಿಟ್ಟಿದ್ರಿ?" ಎಂದು ಮೇಜಿನ ಮೇಲಿದ್ದ ನನ್ನ ಕಡತಗಳ ರಾಶಿಯನ್ನು ನನ್ನತ್ತಲೇ ತಳ್ಳಿದರು. ಪ್ರತಿಯೊಂದರ ಮೇಲೂ ಕೆಂಪು ಶಾಯಿಯಲ್ಲಿ ಬರೆದಿತ್ತು: 'ಸ್ಪಷ್ಟ ಅಭಿಪ್ರಾಯದೊಂದಿಗೆ ಮರುಮಂಡಿಸಿ.' ಪಾವಗಡವೇ ವಾಸಿಯಿತ್ತು.

ಸಂಜೆ ಕಡತಗಳ ಗಂಟು ಹೊತ್ತು ಮನೆಗೆ ಬಂದರೆ ಶಾರದ ಒಳಗಿನಿಂದ ಕೇಳಿದಳು: "ಬದನೆಕಾಯಾ, ನುಗ್ಗೆಕಾಯಾ?" ಎದೆಯ ಮೇಲೆ ಬ್ಯಾಡ್ಜು ಇನ್ನೂ ಇತ್ತು, ಅದನ್ನು ಹಾಕಿಕೊಂಡೇ ಕಚೇರಿಗೆ ಹೋಗಿದ್ದೆ. "ನುಗ್ಗೆಕಾಯಿ" ಎಂದೆ, ಗಟ್ಟಿಯಾಗಿ, ಒಂದೇ ಉಸಿರಿಗೆ. ಅವಳು ಈಳಿಗೆಮಣೆಯಿಂದ ಎದ್ದು ಬಾಗಿಲಿಗೆ ಬಂದು, "ಬದನೆಕಾಯ್ ಆಗ್ಲೇ ಹೆಚ್‌ಬುಟ್ಟಿದೀನಲ್ರೀ" ಎಂದಳು. ನಾನು ಕಡತಗಳನ್ನು ಕೆಳಗಿಟ್ಟು ಎರಡೂ ಹೆಬ್ಬೆರಳೆತ್ತಿದೆ. ಬಾಣ ಯಾರ ಕಡೆಗಿದೆ ಎಂದು ನೋಡುವ ಅಗತ್ಯವಿರಲಿಲ್ಲ. ನಮ್ಮ ಮನೆಯಲ್ಲಿ ಅದು ಮದುವೆಯಾದ ದಿನದಿಂದ ತಿರುಗಿಲ್ಲ.