ನಾರ್ಮಲ್ ಮನುಷ್ಯನ ರಕ್ತ

ಸುಳ್ಳು ಹೇಳುವುದರಲ್ಲಿ ನಾನು ದೊಡ್ಡ ಕೈಯೇನಲ್ಲ. ಓದಿದ್ದು ಹೈಸ್ಕೂಲು, ಎಗ್ಮೋರ್ ರೈಲ್ವೆ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತನಾಗಿ ರಿಟೈರಾದವನು. ‘ನಿಮ್ಮ ಬುಟ್ಟಿ ಮುಂದಿನ ಗಾಡಿಗೆ ಬಂದೇ ಬರುತ್ತೆ’ ಎನ್ನುವ ಮಟ್ಟದ ಸುಳ್ಳುಗಳಷ್ಟೇ ನನ್ನವು. ಬಾಯಿಂದ ಹೊರಟವು, ಗಾಳಿಗೆ ಹೋದವು. ರಕ್ತದಲ್ಲಿ ಸಿಕ್ಕಿಬೀಳುವಂಥ ಸುಳ್ಳು ಹೇಳಿದ್ದು ಮಾತ್ರ ಎಪ್ಪತ್ತೊಂದನೆಯ ವಯಸ್ಸಿನಲ್ಲಿ.

ಮೇಲಿನ ಮನೆಯ ಗಿರಿಜಮ್ಮನ ಮಗಳು ಶಾಂಭವಿ ಇಲ್ಲೇ ಚೆನ್ನೈಯ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಾಳೆ. ಕಾಯಿಲೆಯ ಮುದುಕರ ಬಿಳಿ ರಕ್ತಕಣಗಳನ್ನು ಆರೋಗ್ಯವಂತ ಮುದುಕರ ಕಣಗಳ ಜೊತೆ ಹೋಲಿಸುವುದು ಅವಳ ಕೆಲಸ. ಕಾಯಿಲೆಯವರು ಬೇಕಾದಷ್ಟು ಸಿಕ್ಕರಂತೆ, ಆರೋಗ್ಯವಂತರಿಗೇ ಬರ. ಕಳೆದ ಆಡಿ ತಿಂಗಳಲ್ಲಿ, ಅಂದರೆ ನಮ್ಮ ಆಷಾಢದ ಹೊತ್ತಿಗೆ, ಫಾರಂ ಹಿಡಿದು ನಮ್ಮ ಮನೆಗೆ ಬಂದಳು. “ತಾತಾ, ಮಾತ್ರೈ ಏದಾವದು ಸಾಪ್ಪಿಡರೀಂಗಳಾ?” ಅಂತ, ಮಾತ್ರೆ ಏನಾದರೂ ತಗೊಳ್ತೀರಾ ಅಂತ, ಕೇಳಿದಳು. ಕನ್ನಡ ಕೇಳಿದರೆ ಅವಳಿಗೆ ತಿಳಿಯುತ್ತದೆ, ಉತ್ತರ ಬರುವುದು ಮಾತ್ರ ತಮಿಳಿನಲ್ಲಿ.

ಮಾತ್ರೆ ತಗೊಳ್ಳುತ್ತಿದ್ದೆ. ಮಂಡಿನೋವಿಗೆ ಮೆಡಿಕಲ್ ಶಾಪಿನವನು ಚೀಟಿ ಇಲ್ಲದೆ ಕೊಟ್ಟ ಸಣ್ಣ ಬಿಳಿ ಸ್ಟಿರಾಯ್ಡ್ ಮಾತ್ರೆ. ನುಂಗಿದ ಮೂರನೇ ದಿನಕ್ಕೆ ಮೆಟ್ಟಿಲು ಹಾರಿ ಹತ್ತುವಂತಾಗಿತ್ತು. ಆದರೆ ಮನೆಯಲ್ಲಿ ನಾನು ಹೇಳಿದ್ದು, ಇದೆಲ್ಲ ಬೆಳಗಿನ ವಾಕಿಂಗಿನ ಮಹಿಮೆ ಅಂತ. ಶಾಂಭವಿ ಪ್ರಶ್ನೆ ಕೇಳುವ ಹೊತ್ತಿಗೆ ನನ್ನ ಹೆಂಡತಿ ಸರೋಜ ಸೌಟು ಹಿಡಿದು ಪಕ್ಕದಲ್ಲೇ ನಿಂತಿದ್ದಳು. “ಮಾತ್ರೆಯೇ? ನಾನೇ?” ಅಂದೆ. ಸರೋಜ ಹೆಮ್ಮೆಯಿಂದ, “ತಲೆನೋವಿನ ಗುಳಿಗೇನೂ ಮುಟ್ಟಲ್ಲಮ್ಮ, ಕಲ್ಲುಗುಂಡು!” ಅಂದಳು. ಕಲ್ಲುಗುಂಡಿನ ರಕ್ತವನ್ನು ಶಾಂಭವಿ ಎರಡು ಕೊಳವೆ ತುಂಬಿಕೊಂಡು ಹೋದಳು.

ಆಮೇಲೆ ನನ್ನ ನಡಿಗೆಯೇ ಬದಲಾಯಿತು. ಪಾರ್ಕಿನಲ್ಲಿ ಬಿಪಿ, ಶುಗರ್ ಅಂತ ಗೋಳಾಡುವವರ ನಡುವೆ ಕೂತು, “ನನ್ನದು ಸರ್ಟಿಫೈ ಆದ ನಾರ್ಮಲ್ ರಕ್ತ” ಎನ್ನುತ್ತಿದ್ದೆ. ಒಂದು ದಿನ ಶಾಂಭವಿ ಲ್ಯಾಬಿಗೂ ಕರೆದುಕೊಂಡು ಹೋಗಿ ಯಂತ್ರ ತೋರಿಸಿದಳು. ನನಗೆ ಅರ್ಥವಾಗಿದ್ದು ಪಾರ್ಸೆಲ್ ಆಫೀಸಿನ ಭಾಷೆಯಲ್ಲಿ. ರಕ್ತಕಣಗಳ ಮೈಮೇಲೆ ಗ್ರಾಹಕಗಳೆಂಬ ಕೊಕ್ಕೆಗಳಿರುತ್ತವೆ. ಆ್ಯಂಟಿಬಾಡಿ ಅಂದರೆ ಬಣ್ಣದ ಲೇಬಲ್ಲು, ತನ್ನ ಕೊಕ್ಕೆ ಕಂಡರೆ ಮಾತ್ರ ಹೋಗಿ ಅಂಟಿಕೊಳ್ಳುತ್ತದೆ. ಆಮೇಲೆ ಕಣಗಳೆಲ್ಲ ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾದುಹೋಗುತ್ತವೆ. ಲೇಬಲ್ ಇದ್ದದ್ದು ಮಿನುಗುತ್ತದೆ, ಇಲ್ಲದ್ದು ಮಂಕು. ಆ ಲೇಬಲ್ಲಿನ ಬಾಟಲಿ ಹೆಬ್ಬೆರಳಿಗಿಂತ ಚಿಕ್ಕದು. ಬೆಳಕು ಬಿದ್ದರೆ ಬಣ್ಣ ಸಾಯುತ್ತದೆ ಅಂತ ಬೆಳ್ಳಿ ಕಾಗದ ಸುತ್ತಿ ಫ್ರಿಜ್ಜಿನಲ್ಲಿ ಕೂರಿಸಿದ್ದರು, ಬಾಣಂತಿಯ ಹಾಗೆ.

ಪೊಂಗಲ್ ಕಳೆದ ಮೇಲೆ ಶಾಂಭವಿ ಮತ್ತೊಮ್ಮೆ ನನ್ನ ರಕ್ತ ಒಯ್ದಳು. ಆ ಸಂಜೆ ಗಿರಿಜಮ್ಮ ಬಂದು ಸರೋಜಳ ಹತ್ತಿರ ಕಣ್ಣೀರು ಹಾಕಿದರು. “ಒಂದು ಜಾತಿಯ ಕಣ ಮಿನುಗಲೇ ಇಲ್ಲವಂತೆ. ಹೊಸ ಬಾಟಲಿಯನ್ನ ಬೆಳಕಲ್ಲಿ ಬಿಟ್ಟು ಹಾಳು ಮಾಡಿದೀಯ ಅಂತ ಗೈಡು ಎಲ್ಲರೆದುರು ಬೈದರಂತೆ. ನಾಳೆ ತಪ್ಪು ನಂದೇ ಅಂತ ಬರೆದುಕೊಡಬೇಕಂತೆ. ಇನ್ನು ಮೇಲೆ ಆ ಯಂತ್ರ ಮುಟ್ಟೋಕೂ ಬಿಡಲ್ಲವಂತೆ.”

“ನಿಮ್ಮ ಮನೆಯವರ ರಕ್ತದ ದೋಷವೇನಾದರೂ...” ಎಂದು ಅವರು ಸಂಕೋಚದಿಂದ ಶುರು ಮಾಡಿದಾಗ ಸರೋಜ ಸಿಡಿದಳು. “ಇವರದ್ದೇ? ಬಾಟಲೀನೇ ಸರಿ ಇಲ್ಲ ಬಿಡಿ!” ನಾನು ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದೆ.

ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಕಾದು ನಿಂತು, ಸ್ಕೂಟಿ ತಳ್ಳಿಕೊಂಡು ಬಂದ ಶಾಂಭವಿಗೆ ಮಾತ್ರೆಯ ಸ್ಟ್ರಿಪ್ ತೋರಿಸಿದೆ. ಅವಳು ಬೈಯಲಿಲ್ಲ. ಹೆಸರು ಎರಡು ಸಲ ಓದಿದಳು. “ಅಯ್ಯೋ ತಾತಾ! ಇದು ಆ ಕಣಗಳನ್ನೇ ಇಳಿಸುತ್ತೆ” ಅಂತ ಮೊದಲ ಬಾರಿಗೆ ನನ್ನ ಜೊತೆ ಕನ್ನಡದಲ್ಲಿ ಮಾತಾಡಿದಳು. ಎಷ್ಟು ಕಾಲದಿಂದ ಅಂತ ಕೇಳಿದಳು. “ಎರಡು ತಿಂಗಳು” ಅಂದೆ. ತಟ್ಟನೆ ನಿಲ್ಲಿಸಬೇಡಿ, ಮೊದಲು ಡಾಕ್ಟರಿಗೆ ತೋರಿಸಿ ಅಂತ ಹೇಳಿ ಹೊರಟಳು. ಲ್ಯಾಬಿನಲ್ಲಿ ಅದೇ ಬಾಟಲಿಯನ್ನು ತನ್ನ ರಕ್ತಕ್ಕೇ ಹಾಕಿ ನೋಡಿದಳಂತೆ. ದೀಪಾವಳಿಯ ಹಾಗೆ ಮಿನುಗಿತಂತೆ. ಪತ್ರ ಬರೆದುಕೊಡುವುದು ತಪ್ಪಿತು. ನನ್ನ ಪೊಂಗಲ್ ರಕ್ತವನ್ನು ಲೆಕ್ಕದಿಂದ ತೆಗೆದು, ‘ಔಷಧಿ ಮುಚ್ಚಿಟ್ಟವರು’ ಅಂತ ಕಾರಣ ಬರೆದಳು. ‘ವೃದ್ಧಾಪ್ಯ’ ಅಂತ ಬರೆಯಬಹುದೇ ಎಂದು ಕೇಳಿದೆ, ಒಪ್ಪಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಒಳ್ಳೆಯವನೇ. ಆದರೆ ಮಾತ್ರೆ ಎರಡು ತಿಂಗಳಿಂದಲ್ಲ, ಒಂದು ವರ್ಷದಿಂದ. ಗೇಟಿನ ಹತ್ತಿರ ಅಷ್ಟು ದೊಡ್ಡ ಸಂಖ್ಯೆ ಹೇಳಲು ನಾಲಿಗೆ ಏಳಲಿಲ್ಲ. ಹಾಗಾಗಿ, ಆ ಹೊಸ ಬಾಟಲಿ ಬರುವ ಮೊದಲೇ ಪರೀಕ್ಷೆಯಾಗಿ ಸಿಕ್ಕಿಬೀಳದೆ ಪಾರಾದ ಆಡಿ ತಿಂಗಳ ರಕ್ತ ಇನ್ನೂ ಆರೋಗ್ಯವಂತರ ಸಾಲಿನಲ್ಲಿ, ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದೆ. ಮುಂದಿನ ವಾರ ಶಾಂಭವಿ ಥೀಸಿಸ್ ಕೊಡುತ್ತಾಳೆ.

ಅದಕ್ಕೇ ಇದನ್ನು ಬರೆಯಲು ಕೂತೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ನಾನೇ ಎದುರು ಕೂತು ಓದಿ ಹೇಳಬೇಕು. ಅವಳು ಮೂರು ದಿನದಿಂದ ಮನೆಯಲ್ಲೇ ಇದ್ದಾಳೆ, ನಾನೂ ಮೂರು ದಿನದಿಂದ ಒಂದೊಂದು ಪದ ತಿದ್ದುತ್ತಾ ಇಲ್ಲೇ ಇದ್ದೇನೆ. ನನ್ನ ಪ್ರಬಂಧ ಮಾತ್ರ ಬಹಳ ಚೆನ್ನಾಗಿ ಬರುತ್ತಿದೆ.