ಹುರುಳಿ ಒಕ್ಕಿದ ಜರ್ಮನ್ ಕಾರು

ಹಳೆಯ ಐಷಾರಾಮಿ ಕಾರು ಕೊಳ್ಳಬೇಡಿ ಎಂದು ಯಾರಾದರೂ ಬುದ್ಧಿ ಹೇಳಿದರೆ ಕೇಳಿ ಎಂದು ನಾನಂತೂ ಹೇಳುವುದಿಲ್ಲ. ನಾನು ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಕೊಪ್ಪಳದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನಿಗೆ ಇಷ್ಟೂ ಲೆಕ್ಕ ಬರಲಿಲ್ಲವೇ ಎಂದು ಸಹೋದ್ಯೋಗಿಗಳು ನಗುತ್ತಾರೆ. ಸಣ್ಣದೊಂದು ಹೊಸ ಕಾರಿನ ಬೆಲೆಗೆ ಜರ್ಮನಿಯ ದೊಡ್ಡ ಕಾರು ಸಿಕ್ಕಿತಲ್ಲ, ಅದು ಲೆಕ್ಕವಲ್ಲದೆ ಮತ್ತೇನು? ಅದರ ಒಂದು ಹೆಡ್‌ಲೈಟಿನ ಬೆಲೆಗೆ ಹಳೆಯ ಸ್ಕೂಟರೊಂದು ಬರುತ್ತದೆ ಎಂಬುದು ಆಮೇಲೆ ತಿಳಿಯಿತು, ಅಷ್ಟೇ. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದ ನಮ್ಮ ಓಣಿಯಲ್ಲೇ ಗ್ಯಾರೇಜು ಇಟ್ಟಿರುವ ಮೆಹಬೂಬಸಾಬರು ಬಾನೆಟ್ ಎತ್ತಿದಾಗಲೆಲ್ಲ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದರು. ಒಮ್ಮೆ ಹೇಳಿಯೇಬಿಟ್ಟರು: “ಸರ್, ಗಾಡ್ಯಾಗ ಏನೂ ಖರಾಬಿ ಇಲ್ರಿ. ನಿಮ್ಮ ಪಗಾರದಾಗ ಐತ್ರಿ.”

ಕಾರು ಕೆಟ್ಟು ನಿಂತಾಗಲೆಲ್ಲ ಒಂದು ಮಾತೂ ಆಡದೆ ಬಸ್ಸಿಗೆ ಕೈ ಮಾಡಿ ಹತ್ತಿ ಹೋಗುತ್ತಿದ್ದ ನನ್ನ ಹೆಂಡತಿ ಸುವರ್ಣಾ ಕೊನೆಗೊಂದು ದಿನ ಬಾಯಿಬಿಟ್ಟಳು. “ಈ ಐತವಾರ ಇದರಾಗ ನಮ್ಮ ತವರಮನಿಗೆ ಹೋಗೂಣು. ದಾರ್ಯಾಗ ನಿಂತ್ರ ಸೋಮವಾರ ಮಾರಿಬಿಡ್ರಿ. ನಿಲ್ಲಲಿಲ್ಲಂದ್ರ ನಾ ಇದರ ಸುದ್ದಿನ ಎತ್ತಂಗಿಲ್ಲ.” ಅವಳ ತವರು ಯಲಬುರ್ಗಾದಿಂದ ಆಚೆಗೆ. ನಾನು ಮೀಸೆ ತಿರುವಿ ಒಪ್ಪಿದೆ, ಒಳಗೊಳಗೇ ಹೆದರಿದೆ. ಆ ಕಾರಿನ ಬಾಗಿಲು ಹಾಕಿಕೊಂಡರೆ ಲೋಕದ ಗದ್ದಲವೆಲ್ಲ ಹೊರಗೇ ಉಳಿಯುತ್ತದೆ. ದಿನವಿಡೀ ಎಂಟನೇ ತರಗತಿಯ ಗದ್ದಲದಲ್ಲಿ ಇರುವವನಿಗೆ ಅದೊಂದೇ ಸುಖ. ಅದನ್ನು ಕಳೆದುಕೊಳ್ಳಲು ನಾನು ಸಿದ್ಧನಿರಲಿಲ್ಲ.

ಐತವಾರ ಕಾರು ಬೆಣ್ಣೆಯಂತೆ ಓಡಿತು. ಯಲಬುರ್ಗಾ ದಾಟಿ ಇನ್ನೇನು ಗೆದ್ದೆ ಅನ್ನುವಾಗ ರಸ್ತೆಯ ತುಂಬ ಹುರುಳಿ. ಸುಗ್ಗಿಯಲ್ಲಿ ನಮ್ಮ ಕಡೆಯ ರೈತರು ಬೆಳೆ ಕಿತ್ತು ತಂದು ಡಾಂಬರಿನ ಮೇಲೆ ಹರಡಿಬಿಡುತ್ತಾರೆ. ಹೋಗಿಬರುವ ವಾಹನಗಳೇ ಅದನ್ನು ಒಕ್ಕಬೇಕು. ನಾನು ಪಕ್ಕಕ್ಕೆ ತಿರುಗಿಸುವಷ್ಟರಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಅಜ್ಜಿಯೊಬ್ಬಳು ಅಡ್ಡ ಬಂದಳು.

“ಯಪ್ಪಾ, ಎಂಥಾ ಗಾಡಿ! ಗಾಲಿ ಎಷ್ಟು ಅಗಲ ಅದಾವ! ಇದರ ಮ್ಯಾಲೆ ಒಂದು ಸಲ ಹಾಯಿಸಪಾ, ಪುಣ್ಯ ಬರತೈತಿ.”

ಮೂರು ವರ್ಷಗಳಲ್ಲಿ ನನ್ನ ಕಾರನ್ನು ಹೊಗಳಿದ ಮೊದಲ ಜೀವ ಅದು. ಹಾಯಿಸಿದೆ. “ಭಾಳ ಛಲೋ ಒಕ್ಕತೈತಿ!” ಎಂದಳು. ತಿರುಗಿಸಿಕೊಂಡು ಬಂದು ಮತ್ತೆ ಹಾಯಿಸಿದೆ. “ಸಾಕ್ರೀ, ಹೊತ್ತಾಗತೈತಿ” ಎಂದಳು ಸುವರ್ಣಾ. ನನ್ನ ಕಿವಿ ಅಜ್ಜಿಯ ಕಡೆಗಿತ್ತು. ನಾಲ್ಕನೆಯ ಸಲಕ್ಕೆ ಸುಟ್ಟ ವಾಸನೆ ಬಂತು. ನೆಲಕ್ಕೆ ತಾಗುವಂತಿದ್ದ ಕಾರಿನ ಹೊಟ್ಟೆಯ ತುಂಬ ಬಳ್ಳಿ ಸಿಕ್ಕಿಕೊಂಡು ಹೊಗೆ ಎದ್ದಿತು. ಇಬ್ಬರೂ ಕೆಳಗೆ ಹಾರಿದೆವು. ಅಜ್ಜಿ ಕೊಡ ನೀರು ಸುರಿದಳು, ಅವಳ ಮಗ ಕುಡುಗೋಲಿನಿಂದ ಬಳ್ಳಿ ಕೊಯ್ದು ಎಳೆದ. ಬೆಂಕಿ ತಪ್ಪಿತು, ಆದರೆ ಕಾರು ಚಾಲೂ ಆಗಲಿಲ್ಲ. ಮಾವನ ಮನೆಗೆ ನಾವು ಹೋದದ್ದು ಟ್ರ್ಯಾಕ್ಟರಿನ ಹಿಂದೆ, ಹಗ್ಗ ಕಟ್ಟಿಸಿಕೊಂಡು. ಒಕ್ಕಿದ್ದಕ್ಕೆ ಕೂಲಿಯೆಂದು ಅಜ್ಜಿ ಎರಡು ಸೇರು ಹುರುಳಿ ಕೊಟ್ಟಿದ್ದಳು.

ಸೋಮವಾರ ಬಂತು. ಸುವರ್ಣಾ ಮಾತು ತೆಗೆಯುವ ಮೊದಲೇ ನಾನು ಮದುವೆಯಾದ ಮೇಲೆ ಒಮ್ಮೆಯೂ ಮಾಡದ ಕೆಲಸ ಮಾಡಿದೆ. “ತಪ್ಪು ನಂದು. ಗಾಡೀದೇನೂ ತಪ್ಪಿಲ್ಲ. ಅದನ್ನ ಮಾರೂದು ಅನ್ಯಾಯ” ಎಂದೆ.

ಅವಳು ಕೈ ಚಾಚಿದಳು. “ಖರೇ ಐತ್ರಿ. ಮಾರೂದು ಬ್ಯಾಡ. ಕೀಲಿ ಈ ಕಡೆ ಕೊಡ್ರಿ.”

ಮೆಹಬೂಬಸಾಬರು ದುರಸ್ತಿ ಮಾಡಿಕೊಟ್ಟ ದಿನದಿಂದ ಅವಳೇ ಓಡಿಸುತ್ತಾಳೆ. ನಾನು ಹಬ್ಬಕ್ಕೊಮ್ಮೆ ನೆನಪಿಸಿಕೊಳ್ಳುತ್ತಿದ್ದ ಆಯಿಲನ್ನು ಅವಳು ಹೊತ್ತಿಗೆ ಸರಿಯಾಗಿ ಬದಲಿಸುತ್ತಾಳೆ. ಯಾರು ಹೊಗಳಿದರೂ ಹುರುಳಿಯ ಪಕ್ಕದಿಂದಲೇ ಹೋಗುತ್ತಾಳೆ. ಎರಡು ಸುಗ್ಗಿ ಕಳೆದವು, ಕಾರು ಒಮ್ಮೆಯೂ ನಿಂತಿಲ್ಲ. “ಖರಾಬಿ ಎಲ್ಲಿತ್ತಂತ ಈಗ ಗೊತ್ತಾತ್ರಿ ಸರ್” ಎನ್ನುತ್ತಾರೆ ಮೆಹಬೂಬಸಾಬರು. ಅನ್ನಲಿ. ಕಾರು ಒಳ್ಳೆಯದು ಎಂದು ಮೊದಲ ದಿನವೇ ಹೇಳಿದವನು ನಾನು. ಗೆದ್ದವನೂ ನಾನೇ ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ, ಹಿಂದಿನ ಸೀಟಿನಲ್ಲಿ, ಅವಳ ತವರಿನ ಹುರುಳಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು.